ಕೆರೆಯಿಂದ ತೊಟ್ಟಿಗೆ: ಮೀನು ಮತ್ತು ಪೈರಿನ ಹಳೆಯ ನಂಟು



ಗುಂಡ್ಲುಪೇಟೆ ಸೀಮೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಊರಿನಲ್ಲಿ ತಂದೆಯ ಕಾಲದ ಎರಡು ಎಕರೆ ಹೊಲವಿದೆ, ಕೊಳವೆ ಬಾವಿ ಬತ್ತಿದೆ. ‘ಅಕ್ವಾಪೋನಿಕ್ಸ್’ ಎಂಬ ಹೊಸ ವಿಧಾನದಲ್ಲಿ ಒಂದೇ ನೀರಿನಿಂದ ಮೀನನ್ನೂ ಸೊಪ್ಪು ತರಕಾರಿಯನ್ನೂ ಬೆಳೆಯಬಹುದಂತೆ, ಮಣ್ಣೇ ಬೇಕಿಲ್ಲವಂತೆ, ಸಾಲ ತೆಗೆದು ಕಟ್ಟಿಸಲೇ ಎಂದು ಆತ ನನ್ನನ್ನು ಕೇಳಿದ. ನಾನು ಕೃಷಿ ವಿಜ್ಞಾನಿಯಲ್ಲ. ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನು. ಆದರೆ ಯಾವುದೇ ವಸ್ತುವನ್ನು ‘ಹೊಸದು’ ಎಂದು ಯಾರಾದರೂ ಹೇಳಿದೊಡನೆ ಅದರ ವಂಶಾವಳಿಯನ್ನು ಹುಡುಕುವುದು ಇತಿಹಾಸದ ಮೇಷ್ಟರ ಚಾಳಿ. ಹಾಗೆ ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಅವನ ಪ್ರಶ್ನೆಗೆ ಉತ್ತರವೂ ಈ ಚರಿತ್ರೆಯೊಳಗೇ ಇದೆಯೆಂಬುದು ನನ್ನ ನಂಬಿಕೆ.

ಮೊದಲು ಈ ವಿಧಾನದ ತಿರುಳನ್ನು ಸರಳವಾಗಿ ಹೇಳಿಬಿಡುತ್ತೇನೆ. ಒಂದು ತೊಟ್ಟಿಯಲ್ಲಿ ಮೀನು ಸಾಕುತ್ತಾರೆ. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ. ಅದು ಹೆಚ್ಚಾದರೆ ಮೀನಿಗೇ ವಿಷ. ಆ ನೀರನ್ನು ಪಂಪಿನಿಂದ ಎತ್ತಿ ಜಲ್ಲಿಯ ಮಡಿಗಳ ಮೂಲಕವೋ ನೀರಿನ ಮೇಲೆ ತೇಲುವ ಹಲಗೆಗಳಲ್ಲಿ ನೆಟ್ಟ ಸಸಿಗಳ ಬೇರುಗಳ ಕೆಳಗೋ ಹಾಯಿಸುತ್ತಾರೆ. ಜಲ್ಲಿಗೂ ಬೇರಿಗೂ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿಗಳಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ತಿಳಿಯಾದ ನೀರು ಮರಳಿ ಮೀನಿನ ತೊಟ್ಟಿಗೆ ಬರುತ್ತದೆ. ಒಬ್ಬರ ಕೊಳೆ ಇನ್ನೊಬ್ಬರ ಕೂಳು. ಇಷ್ಟೇ ಇದರ ಗುಟ್ಟು.

ಈ ಗುಟ್ಟು ನಮ್ಮ ಸೀಮೆಗೆ ಅಪರಿಚಿತವೇ? ಅದನ್ನು ನೋಡೋಣ.

ಚಾಮರಾಜನಗರಕ್ಕೆ ಮೊದಲಿದ್ದ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಅಭಿಮಾನದಿಂದ 1818ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಮೈಸೂರು ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಪಟ್ಟಣದ ಮಗ್ಗುಲಿನ ವಿಜಯಪುರ ಅಮಾನಿಕೆರೆಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದ ಕೆರೆಗೆ ‘ಅಮಾನಿ’ ಎಂಬ ವಿಶೇಷಣ ಅಂಟಿಕೊಂಡಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಗುಂಡ್ಲು ಹೊಳೆ, ಅಂದರೆ ಕೌಂಡಿನ್ಯ, ಗುಂಡ್ಲುಪೇಟೆಯನ್ನು ಹಾದು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ. ಚಾಮರಾಜನಗರದ ಕಡೆ ಹರಿಯುವ ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎನ್ನುತ್ತಾರೆ. ಅದು ಯಳಂದೂರಿನ ಮೇಲೆ ಹಾದು ಕೊಳ್ಳೇಗಾಲದ ಬಳಿ ಕಾವೇರಿಗೆ ಸೇರುತ್ತದೆ. ಹೆಸರು ಹೊನ್ನಾದರೂ ಎರಡೂ ಮಳೆಗಾಲದ ಹೊಳೆಗಳೇ. ಬೆಟ್ಟಗಳ ಮರೆಯ ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಒಮ್ಮೆಲೇ ಸುರಿದುಹೋಗುತ್ತದೆ.

ಇಂತಹ ನೆಲದಲ್ಲಿ ಬದುಕಲು ಹಿರಿಯರು ಕಂಡುಕೊಂಡ ಉಪಾಯವೇ ಕೆರೆ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಮೇಜರ್ ಸ್ಯಾಂಕಿಯವರು 1866ರ ವರದಿಯಲ್ಲಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಬರೆದರು. ಯೋಗ್ಯವಾದ ಜಾಗಗಳಲ್ಲೆಲ್ಲ ಹಿಂದಿನವರು ಆಗಲೇ ಕಟ್ಟಿ ಮುಗಿಸಿದ್ದರು. ಕೆರೆಯೆಂದರೆ ನೀರಿನ ಗುಂಡಿಯಷ್ಟೇ ಅಲ್ಲ, ಅದು ಒಂದು ಏರ್ಪಾಡು. ಏರಿ ನೀರನ್ನು ತಡೆಯುತ್ತದೆ, ಕೋಡಿ ಹೆಚ್ಚಿನ ನೀರನ್ನು ಕೆಳಗಿನ ಕೆರೆಗೆ ಬಿಡುತ್ತದೆ, ತೂಬು ಗದ್ದೆಗೆ ಹರಿಸುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನೀರುಗಂಟಿ ನಿರ್ಧರಿಸುತ್ತಿದ್ದ. ಅವನಿಗೆ ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಸಲ್ಲುತ್ತಿತ್ತು. ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಬಿಟ್ಟುಕೊಟ್ಟ ‘ಕಟ್ಟುಕೊಡಗೆ’ ಭೂಮಿಯ ಉಲ್ಲೇಖಗಳು ನಮ್ಮ ನಾಡಿನ ಶಾಸನಗಳಲ್ಲಿ ಹೇರಳವಾಗಿವೆ.

ಈಗ ಮೀನಿನ ವಿಷಯಕ್ಕೆ ಬರೋಣ. ಮಳೆನೀರು ಊರಿನ ಮೇಲೂ ಹೊಲಗಳ ಮೇಲೂ ಹರಿದು ಬರುವಾಗ ದನದ ಸಗಣಿ, ತರಗೆಲೆ, ಮೇಲ್ಮಣ್ಣು ಎಲ್ಲವನ್ನೂ ಕೆರೆಗೆ ತರುತ್ತಿತ್ತು. ಅದರಿಂದ ಪಾಚಿ ಬೆಳೆಯಿತು, ಪಾಚಿಯನ್ನೂ ಹುಳುಗಳನ್ನೂ ತಿಂದು ಗೆಂಡೆ ಬೆಳೆಯಿತು, ಗೆಂಡೆಯ ಮರಿಗಳನ್ನು ತಿಂದು ಕೊರವ ಬೆಳೆಯಿತು. ಮೀನಿನ ಮಲ, ಸತ್ತ ಪಾಚಿ, ಕೊಚ್ಚಿ ಬಂದ ಮಣ್ಣು ಇವೆಲ್ಲ ತಳದಲ್ಲಿ ಕೂತು ಗೋಡು ಆಯಿತು. ತೂಬಿನಿಂದ ಹರಿದ ಮಂದ ನೀರು ಗದ್ದೆಗೆ ಗೊಬ್ಬರವನ್ನೂ ಒಯ್ಯಿತು. ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ಬೆಸ್ತರು ಬಲೆ ಬೀಸಿದರು. ನೀರು ಪೂರ್ತಿ ಇಂಗಿದ ಮೇಲೆ ರೈತರು ಗಾಡಿ ಕಟ್ಟಿ ಗೋಡುಮಣ್ಣನ್ನು ಹೊಲಕ್ಕೆ ಹೊಡೆದರು. ಹೂಳೆತ್ತಿದ ಕೆರೆಗೆ ಮುಂದಿನ ವರ್ಷ ಹೆಚ್ಚು ನೀರು ಹಿಡಿಯಿತು. ಪಂಪಿಲ್ಲ, ವಿದ್ಯುತ್ತಿಲ್ಲ, ಜಲ್ಲಿಯ ಮಡಿಯಿಲ್ಲ; ಆದರೆ ಮೀನಿನಿಂದ ಪೈರಿಗೆ ಸಾರ ಸಾಗುವ ದಾರಿ ಅದೇ. ವರ್ಷಕ್ಕೊಮ್ಮೆ ತಿರುಗುವ ದೊಡ್ಡ ಚಕ್ರ ಅದು. ಇಂದಿನ ತೊಟ್ಟಿಯಲ್ಲಿ ಅದೇ ಚಕ್ರ ಗಂಟೆಗೊಮ್ಮೆ ತಿರುಗುತ್ತದೆ.

ನಮ್ಮ ಗ್ರಂಥಗಳಲ್ಲಿಯೂ ಈ ತಿಳಿವಳಿಕೆಯ ಎಳೆಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಯಾವ ಆಹಾರವಿಟ್ಟು ಕೊಬ್ಬಿಸಬೇಕು, ಗಾಳ ಹಾಕುವ ಬಗೆ ಹೇಗೆ ಎಂಬುದನ್ನು ಅಲ್ಲಿ ವಿವರಿಸಲಾಗಿದೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಅದರ ಮೇಲೆ ಲೇಖನ ಬರೆದ ಮೇಲೆ ವಿಜ್ಞಾನಿಗಳ ಗಮನ ಅತ್ತ ಹರಿಯಿತು. ಇನ್ನು ಗಿಡಗಳ ಕಡೆಗೆ ನೋಡಿದರೆ, ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಕನ್ನಡದಲ್ಲಿಯೇ ಬರೆದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಕಂಡುಹಿಡಿಯುವ ಬಗೆಗೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. ವೃಕ್ಷಾಯುರ್ವೇದದ ಪರಂಪರೆಯಲ್ಲಿ ‘ಕುಣಪಜಲ’ವೆಂಬ ದ್ರವಗೊಬ್ಬರ ಹೆಸರುವಾಸಿ. ಪ್ರಾಣಿಗಳ ಮಾಂಸ, ಮಜ್ಜೆ, ಮೀನು ಮೊದಲಾದವನ್ನು ಬೇಯಿಸಿ ಕೊಳೆಸಿ ಗಿಡದ ಬುಡಕ್ಕೆ ಹುಯ್ಯುವ ಪದ್ಧತಿಯದು. ಮೀನು ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲುವ ನಮ್ಮ ಹೆಣ್ಣುಮಕ್ಕಳು ಯಾವ ಗ್ರಂಥವನ್ನೂ ಓದಿರಲಿಲ್ಲ, ಆದರೆ ಮಾಡುತ್ತಿದ್ದದ್ದು ಅದನ್ನೇ.

ಕರ್ನಾಟಕದಲ್ಲಿ ಮೀನು ಮತ್ತು ಪೈರು ಒಂದೇ ನೆಲದಲ್ಲಿ ಬಾಳಿದ ಅತ್ಯುತ್ತಮ ಉದಾಹರಣೆ ನಮ್ಮ ಜಿಲ್ಲೆಯದಲ್ಲ; ಉತ್ತರ ಕನ್ನಡದ್ದು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಡದಲ್ಲಿ ‘ಗಜನಿ’ ಎಂಬ ತಗ್ಗುಭೂಮಿಗಳಿವೆ. ಅಲ್ಲಿ ಸಮುದ್ರದ ಉಬ್ಬರದೊಂದಿಗೆ ಉಪ್ಪುನೀರು ಬಂದುಹೋಗುತ್ತದೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಅಲ್ಲಿ ‘ಕಗ್ಗ’ ಎಂಬ ಭತ್ತವನ್ನು ಬೆಳೆಯುತ್ತಾರೆ. ಅದು ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ತಳಿ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಒಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಬಳಿಕ ಅಳಿವೆಯ ನೀರನ್ನು ಒಳಬಿಟ್ಟರೆ ಕೊಳೆಯುವ ಹುಲ್ಲನ್ನೂ ಅದರಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳನ್ನೂ ತಿಂದು ಮೀನು, ಸಿಗಡಿ ಬೆಳೆಯುತ್ತವೆ. ಅವುಗಳ ಮಲವೇ ಮರುವರ್ಷದ ಭತ್ತಕ್ಕೆ ಗೊಬ್ಬರ. ಹೊರಗಿನಿಂದ ಒಂದು ಹಿಡಿ ಗೊಬ್ಬರ ಹಾಕಬೇಕಿರಲಿಲ್ಲ.

ಈ ಗಜನಿಯ ಕಥೆಯ ಉತ್ತರಾರ್ಧವೂ ತಿಳಿಯತಕ್ಕದ್ದು. ಮೊದಲು ರೈತರೆಲ್ಲ ಸೇರಿ ಮಣ್ಣಿನ ದಂಡೆ, ಹಲಗೆಯ ಬಾಗಿಲುಗಳನ್ನು ಕಾಯುತ್ತಿದ್ದರು. ಬಳಿಕ ಸರ್ಕಾರ ಕಲ್ಲಿನ ಗಟ್ಟಿ ದಂಡೆಗಳನ್ನು ಕಟ್ಟಿಸಿತು. ನೀರಿನ ಸಹಜ ಓಡಾಟ ಬದಲಾಯಿತು. 1990ರ ದಶಕದಲ್ಲಿ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ ಹಲವು ಗಜನಿಗಳು ಸಿಗಡಿ ಕೊಳಗಳಾದವು. ರೋಗ ಬಂದು ಸಿಗಡಿ ಸತ್ತಿತು. ಅಷ್ಟರಲ್ಲಿ ಭತ್ತವೂ ಕೈಬಿಟ್ಟಿತ್ತು. ಸಿಗಡಿ ಕೊಳಗಳ ಹಾವಳಿ ಕುರಿತು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕಠಿಣ ತೀರ್ಪು ನೀಡಿತು. ಇತ್ತೀಚಿನ ವರ್ಷಗಳಲ್ಲಿ ಮಾಣಿಕಟ್ಟಾ ಮೊದಲಾದ ಕಡೆಗಳ ರೈತರು ಒಟ್ಟಾಗಿ ಕಗ್ಗವನ್ನು ಮತ್ತೆ ಬೆಳೆಯಲು ಶ್ರಮಿಸುತ್ತಿದ್ದಾರೆ. ಮೀನು ಮತ್ತು ಪೈರಿನ ಜೋಡಿಯಲ್ಲಿ ಒಂದನ್ನೇ ಲಾಭಕ್ಕಾಗಿ ಹಿಗ್ಗಿಸಿದರೆ ಎರಡೂ ಕೆಡುತ್ತವೆ ಎಂಬ ಪಾಠವನ್ನು ಆ ನೆಲ ಕಲಿಸಿದೆ.

ಹೊರನಾಡುಗಳಲ್ಲಿಯೂ ಇಂತಹ ಪದ್ಧತಿಗಳಿದ್ದವು. ಚೀನಾದ ಚೆಜಿಯಾಂಗ್ ಪ್ರಾಂತ್ಯದ ಚಿಂಗ್‌ತಿಯಾನ್ ಪ್ರದೇಶದಲ್ಲಿ ಭತ್ತದ ಗದ್ದೆಯಲ್ಲಿಯೇ ಗೆಂಡೆ ಸಾಕುವ ರೂಢಿ ಸಾವಿರ ವರ್ಷಕ್ಕೂ ಹಳೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2005ರಲ್ಲಿ ಅದನ್ನು ಕೃಷಿ ಪರಂಪರೆಯೆಂದು ಗುರುತಿಸಿತು. ಮೆಕ್ಸಿಕೋದಲ್ಲಿ ಆಜ್ಟೆಕ್ ಜನರು ಸರೋವರದ ತಳದ ಕೆಸರನ್ನು ಎತ್ತಿ ‘ಚಿನಾಂಪಾ’ ಎಂಬ ಮಡಿಗಳನ್ನು ಕಟ್ಟಿ ಬೆಳೆ ತೆಗೆಯುತ್ತಿದ್ದರು. ನಮ್ಮ ಗೋಡುಮಣ್ಣಿನ ಗಾಡಿಗೂ ಅವರ ದೋಣಿಗೂ ಹೆಚ್ಚು ದೂರವಿಲ್ಲ.

ಇವರೆಲ್ಲರೂ ಕೆಲಸವನ್ನು ಬಲ್ಲವರು, ಕಾರಣವನ್ನು ಬಲ್ಲವರಲ್ಲ. ಕಾರಣ ಹುಡುಕಿದ ಕಥೆ ಯುರೋಪಿನದು. ಇಂಗ್ಲೆಂಡಿನ ಜಾನ್ ವುಡ್‌ವರ್ಡ್ 1699ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೀವು ಮನೆಯಲ್ಲಿಯೇ ಮಾಡಬಹುದು. ಆತ ಪುದೀನ ಜಾತಿಯ ಸಸಿಗಳನ್ನು ಬೇರೆಬೇರೆ ನೀರಿನಲ್ಲಿ ಬೆಳೆಸಿದ: ಒಂದು ಮಳೆನೀರು, ಒಂದು ಥೇಮ್ಸ್ ನದಿಯ ನೀರು, ಒಂದು ತೋಟದ ಮಣ್ಣು ಕದಡಿದ ನೀರು. ಶುದ್ಧವಾದ ನೀರಿನಲ್ಲಿ ಸಸಿ ಬಡವಾಯಿತು, ಮಣ್ಣು ಕದಡಿದ ನೀರಿನಲ್ಲಿ ಸೊಂಪಾಯಿತು. ಗಿಡ ಬದುಕುವುದು ಬರಿಯ ನೀರಿನಿಂದಲ್ಲ, ನೀರಿನಲ್ಲಿರುವ ಬೇರೇನೋ ಒಂದರಿಂದ ಎಂದು ಆತ ತೀರ್ಮಾನಿಸಿದ. ಕೆರೆಯ ಮಂದ ನೀರು ಬಾವಿಯ ತಿಳಿನೀರಿಗಿಂತ ಪೈರಿಗೆ ಮೇಲೆಂದು ನಮ್ಮ ರೈತರು ಹೇಳುತ್ತಿದ್ದುದೂ ಇದೇ.

ಆ ‘ಬೇರೇನೋ’ ಯಾವುದೆಂಬುದನ್ನು ಜರ್ಮನಿಯ ಯೂಲಿಯಸ್ ಸಾಕ್ಸ್, ವಿಲ್ಹೆಲ್ಮ್ ಕ್ನೋಪ್ ಎಂಬಿಬ್ಬರು 1860ರ ದಶಕದಲ್ಲಿ ತೋರಿಸಿದರು. ಲವಣಗಳನ್ನು ಅಳತೆಯಂತೆ ಕರಗಿಸಿದ ನೀರಿನಲ್ಲಿ, ಮಣ್ಣಿನ ಕಣವೂ ಇಲ್ಲದೆ, ಗಿಡ ಬೆಳೆಸಿದರು. ಇನ್ನೊಂದು ತುದಿಯಲ್ಲಿ, ಕೊಳೆತ ವಸ್ತು ಗೊಬ್ಬರವಾಗುವುದು ಹೇಗೆಂಬ ಪ್ರಶ್ನೆಯಿತ್ತು. ಫ್ರಾನ್ಸಿನ ಷ್ಲೋಯಸಿಂಗ್ ಮತ್ತು ಮುಂಟ್ಜ್ 1877ರಲ್ಲಿ ಚರಂಡಿ ನೀರನ್ನು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ನಿಧಾನವಾಗಿ ಇಳಿಸಿದರು. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಸುಮಾರು ಇಪ್ಪತ್ತು ದಿನಗಳ ಬಳಿಕ ಒಳಹೋದ ಅಮೋನಿಯಾ ಹೊರಬರುವಾಗ ನೈಟ್ರೇಟ್ ಆಗಿ ಬಂತು. ಕೊಳವೆಗೆ ಕ್ಲೋರೋಫಾರ್ಮ್ ಹಬೆ ಬಿಟ್ಟೊಡನೆ ಆ ಬದಲಾವಣೆ ನಿಂತುಹೋಯಿತು. ಅಂದಮೇಲೆ ಅದನ್ನು ಮಾಡುತ್ತಿದ್ದದ್ದು ಜೀವಿಗಳೇ! ರಷ್ಯದ ಸೆರ್ಗೇಯ್ ವಿನೋಗ್ರಾಡ್‌ಸ್ಕಿ 1890ರಲ್ಲಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಇಂದು ಅಕ್ವಾಪೋನಿಕ್ಸ್ ಕಟ್ಟುವವರು ಮೀನು ತುಂಬುವ ಮೊದಲು ನಾಲ್ಕರಿಂದ ಆರು ವಾರ ಸ್ವಲ್ಪ ಅಮೋನಿಯಾ ಬೆರೆಸಿದ ನೀರನ್ನು ತಿರುಗಿಸುತ್ತ ಕಾಯಬೇಕು ಎನ್ನುವುದು ಈ ಇಪ್ಪತ್ತು ದಿನಗಳ ಕಥೆಯೇ. ಕಣ್ಣಿಗೆ ಕಾಣದ ಆ ಆಳುಗಳು ಕೆಲಸಕ್ಕೆ ಸೇರುವವರೆಗೆ ಮೀನನ್ನು ತುಂಬಿದರೆ ಅದು ತನ್ನ ಕೊಳೆಯಲ್ಲಿಯೇ ಸಾಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ 1929ರಲ್ಲಿ ಮಣ್ಣಿಲ್ಲದ ಬೇಸಾಯದ ಬಗ್ಗೆ ಬರೆದಾಗ ಅದನ್ನು ‘ಅಕ್ವಾಕಲ್ಚರ್’ ಎಂದು ಕರೆದರು! ಆ ಶಬ್ದ ಜಲಚರಗಳ ಸಾಕಣೆಗೆ ಆಗಲೇ ಬಳಕೆಯಲ್ಲಿತ್ತಾದ್ದರಿಂದ 1937ರಲ್ಲಿ ‘ಹೈಡ್ರೋಪೋನಿಕ್ಸ್’ ಎಂಬ ಹೊಸ ಹೆಸರನ್ನು ಬಳಕೆಗೆ ತಂದರು. ಒಂದೇ ಹೆಸರಿಗಾಗಿ ಮೀನು ಮತ್ತು ಗಿಡ ಹೀಗೆ ತಕರಾರು ಮಾಡಿ ಬೇರೆಯಾದವು. ನಾಲ್ಕು ದಶಕಗಳ ನಂತರ ಮತ್ತೆ ಒಂದಾದಾಗ ಎರಡೂ ಹೆಸರುಗಳನ್ನು ಬೆಸೆದು ‘ಅಕ್ವಾಪೋನಿಕ್ಸ್’ ಎಂದದ್ದು ಚರಿತ್ರೆಯ ವಿನೋದ. ನಮ್ಮ ದೇಶದಲ್ಲಿ ಷೋಲ್ಟೋ ಡಗ್ಲಸ್ ಎಂಬವರು 1946ರಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಹೈಡ್ರೋಪೋನಿಕ್ಸ್ ಪ್ರಯೋಗ ಆರಂಭಿಸಿದರು. ದುಬಾರಿ ಯಂತ್ರಗಳಿಲ್ಲದೆ ಬಡವರೂ ಮಾಡಬಹುದಾದ ಆ ಸರಳ ವಿಧಾನ ‘ಬಂಗಾಳ ಪದ್ಧತಿ’ ಎಂದೇ ಹೊರದೇಶಗಳಲ್ಲಿ ಹೆಸರಾಯಿತು.

ಇತ್ತ ಮೀನು ಸಾಕಣೆಯಲ್ಲಿಯೂ ಕ್ರಾಂತಿಯಾಯಿತು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವುಗಳ ಮರಿಗಳನ್ನು ನದಿಗಳಿಂದ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳನ್ನು ಕೊಳದಲ್ಲಿಯೇ ಮರಿಮಾಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಮ್ಮೂರ ಕೆರೆಗಳಿಗೆ ಮೀನುಮರಿ ಬಿಡುವುದು ಸುಲಭವಾದದ್ದು ಅದರಿಂದ. ಅದಕ್ಕೂ ಮೊದಲೇ, 1952ರಲ್ಲಿ, ಆಫ್ರಿಕಾ ಮೂಲದ ತಿಲಾಪಿಯಾ ಭಾರತಕ್ಕೆ ಬಂದಿತ್ತು. ನಮ್ಮ ಸಂತೆಗಳಲ್ಲಿ ‘ಜಿಲೇಬಿ ಮೀನು’ ಎಂದು ಮಾರುವುದು ಅದನ್ನೇ. ಕೆರೆಯ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವ ‘ಪಾಶುವಾರು’ ಪದ್ಧತಿಯಲ್ಲಿ ಕೆರೆಯ ಮೀನು ಒಬ್ಬ ಗುತ್ತಿಗೆದಾರನದು, ನೀರು ಮತ್ತೊಬ್ಬರದು, ಗೋಡುಮಣ್ಣು ಯಾರದೂ ಅಲ್ಲ ಎಂಬಂತಾಯಿತು. ಅಂಗಡಿಯ ಗೊಬ್ಬರ ಬಂದ ಮೇಲೆ ಗೋಡಿನ ಗಾಡಿಗಳು ನಿಂತವು. ಕೊಳವೆ ಬಾವಿ ಬಂದ ಮೇಲೆ ನೀರುಗಂಟಿಯ ಅಗತ್ಯ ತಪ್ಪಿತು. ಚಕ್ರದ ಒಂದೊಂದೇ ಹಲ್ಲು ಮುರಿಯಿತು.

ಮುರಿದ ಚಕ್ರವನ್ನು ತೊಟ್ಟಿಯೊಳಗೆ ಮರಳಿ ಜೋಡಿಸುವ ಯತ್ನ 1970ರ ದಶಕದಲ್ಲಿ ನಡೆಯಿತು. ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ನ್ಯೂ ಆಲ್ಕೆಮಿ ಸಂಸ್ಥೆಯವರು ಗಾಜಿನ ಮನೆಯಲ್ಲಿ ತಿಲಾಪಿಯಾ ಸಾಕಿ ಆ ನೀರನ್ನು ತರಕಾರಿಗೆ ಹಾಯಿಸಿದರು. ಜರ್ಮನಿಯ ಲುಡ್ವಿಗ್ ನೇಗಲ್ 1977ರಲ್ಲಿ, ಅಮೆರಿಕದ ವಿಲಿಯಂ ಲೂಯಿಸ್ ಮತ್ತು ಸಂಗಡಿಗರು 1978ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಉತ್ತರ ಕ್ಯಾರೊಲಿನಾದ ಮಾರ್ಕ್ ಮೆಕ್‌ಮರ್ಟ್ರಿ ಮರಳು ಮಡಿಗಳ ಪದ್ಧತಿಯನ್ನು ರೂಪಿಸಿದರು. ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದ ಜೇಮ್ಸ್ ರಕೋಸಿ ಅವರು ತೇಲುವ ಹಲಗೆಗಳ ಪದ್ಧತಿಯನ್ನು ಮೂರು ದಶಕಗಳ ಕಾಲ ತಿದ್ದಿ ತೀಡಿ, ಅಳತೆ ಹಾಕಿಕೊಟ್ಟರು. ಆ ದ್ವೀಪಗಳಲ್ಲಿಯೂ ಸಿಹಿನೀರಿಗೆ ಬರ. ಅಕ್ವಾಪೋನಿಕ್ಸ್ ಪಳಗಿದ್ದು ನಮ್ಮಂತೆ ನೀರಿನ ಬರ ಕಂಡ ನೆಲದಲ್ಲಿ ಎಂಬುದನ್ನು ಗಮನಿಸಬೇಕು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ಸುಲಭ, ಸ್ಲೇಟಿನಲ್ಲಿಯೇ ಮಾಡಬಹುದು. ಸೊಪ್ಪಿನ ಬೆಳೆಗೆ ಪ್ರತಿ ಚದರ ಮೀಟರ್ ಮಡಿಗೆ ದಿನಕ್ಕೆ ಸುಮಾರು 50 ಗ್ರಾಂ ಮೀನಿನ ಆಹಾರ ಬೇಕೆಂದು ತಜ್ಞರು ಹೇಳುತ್ತಾರೆ. 10 ಚದರ ಮೀಟರ್ ಮಡಿಯಿದ್ದರೆ ದಿನಕ್ಕೆ 500 ಗ್ರಾಂ. ಬೆಳೆಯುತ್ತಿರುವ ಮೀನು ದಿನಕ್ಕೆ ತನ್ನ ತೂಕದ ನೂರರಲ್ಲಿ ಒಂದೆರಡು ಪಾಲು ತಿನ್ನುತ್ತದೆ. ಆದ್ದರಿಂದ 25ರಿಂದ 50 ಕಿಲೋ ಮೀನು ಬೇಕು. ಸಾವಿರ ಲೀಟರಿಗೆ 20 ಕಿಲೋ ಮೀರದಂತೆ ಸಾಕಿದರೆ 1250ರಿಂದ 2500 ಲೀಟರಿನ ತೊಟ್ಟಿ ಸಾಕು. ಮಡಿಗಳನ್ನೂ ಸೇರಿಸಿ ಒಟ್ಟು 5000 ಲೀಟರ್ ನೀರಿದ್ದು, ದಿನಕ್ಕೆ ನೂರರಲ್ಲಿ ಒಂದರಿಂದ ಮೂರು ಪಾಲು ಆವಿಯಾಗಿಯೂ ಗಿಡ ಹೀರಿಯೂ ಹೋದರೆ, 50ರಿಂದ 150 ಲೀಟರ್ ಸೇರಿಸಬೇಕು. ಅಂದರೆ ನಾಲ್ಕರಿಂದ ಹನ್ನೆರಡು ಕೊಡ. ಕಾಲುವೆ ಕಟ್ಟಿ ನೀರು ಹಾಯಿಸುವವರಿಗೆ ಇದು ಪವಾಡವೆಂದೇ ತೋರುತ್ತದೆ. ನೀರಿನ ಉಳಿತಾಯ ನಿಜ, ಅದರಲ್ಲಿ ಮೋಸವಿಲ್ಲ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. ದಿನಕ್ಕೆ 500 ಗ್ರಾಂ ಎಂದರೆ ವರ್ಷಕ್ಕೆ ಸುಮಾರು 180 ಕಿಲೋ ಆಹಾರವನ್ನು ಕೊಂಡು ತರಬೇಕು. ಅದರಿಂದ ಬರುವ ಮೀನು ಚೆನ್ನಾಗಿ ನಡೆದರೆ 90ರಿಂದ 120 ಕಿಲೋ. ಕೆರೆಯಲ್ಲಿ ಮೀನಿಗೆ ಉಣಿಸಿದ್ದು ಬಿಸಿಲು ಮತ್ತು ಊರಿನ ದನಕರು. ತೊಟ್ಟಿಯಲ್ಲಿ ಉಣಿಸುವುದು ಅಂಗಡಿಯ ಚೀಲ. ‘ಗೊಬ್ಬರದ ಖರ್ಚೇ ಇಲ್ಲ’ ಎಂದು ಹೇಳುವವರು ಗೊಬ್ಬರವನ್ನು ಮೀನಿನ ಆಹಾರವೆಂಬ ಹೆಸರಿನಲ್ಲಿ ಕೊಳ್ಳುತ್ತಾರೆ, ಅಷ್ಟೇ. ಆ ಆಹಾರದಲ್ಲಿ ಕಬ್ಬಿಣ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಗಿಡಕ್ಕೆ ಸಾಲದು. ಅವನ್ನು ಬೇರೆಯಾಗಿ ಹಾಕಬೇಕು. ನಮ್ಮ ಕೊಳವೆ ಬಾವಿಗಳ ಗಡುಸು ನೀರಿನಲ್ಲಿ ಹಾಕಿದ ಕಬ್ಬಿಣವೂ ಗಿಡಕ್ಕೆ ದಕ್ಕದೆ ಎಲೆ ಹಳದಿಯಾಗುತ್ತದೆ. ಆದ್ದರಿಂದ ಚಾವಣಿಯ ಮಳೆನೀರನ್ನು ಹಿಡಿದು ಬೆರೆಸುವುದು ಮೇಲು.

ಎಲ್ಲಕ್ಕಿಂತ ದೊಡ್ಡ ಅಪಾಯ ವಿದ್ಯುತ್ತು. ಕೆರೆಯ ಮೀನಿಗೆ ವಿದ್ಯುತ್ ಹೋದರೇನು, ಬಂದರೇನು! ಇಕ್ಕಟ್ಟಿನ ತೊಟ್ಟಿಯ ಮೀನಿಗೆ ಗಾಳಿಯ ಪಂಪ್ ನಿಂತರೆ ಕೆಲವೇ ಗಂಟೆಗಳ ಆಯುಷ್ಯ. ನಮ್ಮ ಬಂಧುವರ್ಗದಲ್ಲಿಯೇ ಒಬ್ಬರು ಜಾಹೀರಾತು ನೋಡಿ, ಒಂದು ಕಂಪನಿಯವರ ಮಾತನ್ನು ನಂಬಿ, ದೊಡ್ಡ ಮೊತ್ತ ತೆತ್ತು ಇಂತಹ ಘಟಕವನ್ನು ಕಟ್ಟಿಸಿದರು. ಬದಲಿ ವಿದ್ಯುತ್ತಿನ ಏರ್ಪಾಡಿನ ಬಗ್ಗೆ ಕಟ್ಟಿಕೊಟ್ಟವರು ತುಟಿ ಬಿಚ್ಚಿರಲಿಲ್ಲ. ಒಂದು ರಾತ್ರಿ ಮಳೆಗಾಳಿಗೆ ಕಂಬ ಬಿತ್ತು. ಬೆಳಗಾಗುವಷ್ಟರಲ್ಲಿ ಆರು ತಿಂಗಳು ಸಾಕಿದ ಮೀನೆಲ್ಲ ಮೇಲೆ ತೇಲಿತು. ಆ ಬಳಿಕ ಕಂಪನಿಯವರು ದೂರವಾಣಿ ಕರೆಯನ್ನೇ ಸ್ವೀಕರಿಸಲಿಲ್ಲ. ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಮೀನಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ಸುಧಾರಿತ ತಿಲಾಪಿಯಾ ಸಾಕಲು ಇಲಾಖೆಯ ಅನುಮತಿ ಪಡೆಯಬೇಕು. ಗೋಪಾಲಸ್ವಾಮಿ ಬೆಟ್ಟದ ಮಗ್ಗುಲಿನ ಹಳ್ಳಿಗಳ ಮಾಗಿಯ ಚಳಿಗೆ ಅದು ಮೇವನ್ನು ಕಡಿಮೆ ಮಾಡುತ್ತದೆ. ಸಾಮಾನ್ಯ ಗೆಂಡೆ ಚಳಿಯನ್ನು ತಾಳುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನೀರನ್ನು ಮರುಬಳಸುವ ಮೀನು ಸಾಕಣೆಗೆ ಸಾಮಾನ್ಯ ವರ್ಗಕ್ಕೆ ವೆಚ್ಚದ ಶೇಕಡ 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇಕಡ 60 ಸಹಾಯಧನದ ಅವಕಾಶ ಕಲ್ಪಿಸಲಾಯಿತು. ಆದರೆ ಸಹಾಯಧನವೆಂಬುದು ಕಟ್ಟುವುದಕ್ಕೆ ಸಿಗುತ್ತದೆ, ನಡೆಸುವುದಕ್ಕಲ್ಲ. ಕಟ್ಟುವುದು ಒಂದು ತಿಂಗಳ ಕೆಲಸ, ನಡೆಸುವುದು ದಿನನಿತ್ಯದ ಕೆಲಸ. ಬೆಂಗಳೂರಿನಲ್ಲಿ ಕುಳಿತು ಹಸುವನ್ನು ಸಾಕಲಾಗದು, ಮೀನನ್ನೂ ಸಾಕಲಾಗದು.

ಆದ್ದರಿಂದ ಆತನಿಗೆ ನಾನು ಹೇಳಿದ್ದು ಇಷ್ಟು: ಸಾಲ ತೆಗೆಯಬೇಡ. ಮೊದಲು ಒಂದೇ ಸಾವಿರ ಲೀಟರಿನ ತೊಟ್ಟಿ, ನಾಲ್ಕು ಚದರ ಮೀಟರಿನ ಜಲ್ಲಿ ಮಡಿ ಕಟ್ಟು. ದಿನಕ್ಕೆ 200 ಗ್ರಾಂ ಆಹಾರದ ಲೆಕ್ಕ. ಊರಿನಲ್ಲಿರುವ ತಮ್ಮನೋ ಅತ್ತಿಗೆಯೋ ದಿನವೂ ನೋಡಿಕೊಳ್ಳುವಂತಿದ್ದರೆ ಮಾತ್ರ ಮುಂದುವರಿ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪ್ ಇಲ್ಲದೆ ಒಂದು ಮೀನನ್ನೂ ಬಿಡಬೇಡ. ಒಂದು ವರ್ಷ ಖರ್ಚು ವೆಚ್ಚವನ್ನು ಪುಸ್ತಕದಲ್ಲಿ ಬರೆ. ಮನೆಯ ಊಟಕ್ಕೆ ಸೊಪ್ಪು, ಮೀನು ಸಿಕ್ಕಿ, ಲೆಕ್ಕವೂ ಸರಿದೂಗಿದರೆ ಆಮೇಲೆ ದೊಡ್ಡದರ ಯೋಚನೆ. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಮೀನಿಗೂ ಅನ್ವಯಿಸುವ ಮಾತು.

ಇನ್ನೊಂದು ಮಾತನ್ನೂ ಹೇಳಿದೆ. ಅದು ನಿಮ್ಮೆಲ್ಲರಿಗೂ ಸಲ್ಲುವಂಥದು. ನಮ್ಮ ಎರಡು ತಾಲ್ಲೂಕುಗಳಲ್ಲಿ ಅಂತರ್ಜಲ ಕುಸಿಯುತ್ತ ಬಂದು, ಕೊಳವೆ ಬಾವಿಗಳು ನೂರಾರು ಅಡಿ ಆಳಕ್ಕೆ ಹೋಗಿ ಬತ್ತಿದವು. 2010ರ ದಶಕದಿಂದ ಕಬಿನಿಯ ನೀರನ್ನು ಪಂಪ್ ಮಾಡಿ ಹಲವು ಕೆರೆಗಳನ್ನು ತುಂಬಿಸುವ ಕಾರ್ಯ ನಡೆದಿದೆ. ದಶಕಗಳಿಂದ ಒಣಗಿದ್ದ ಕೆರೆಗಳಿಗೆ ನೀರು ಬಂದಾಗ ಜನ ಬಾಗಿನ ಅರ್ಪಿಸಿದರು. ಸಂತೋಷ. ಆದರೆ ಹೂಳು ತುಂಬಿದ ಕೆರೆಗೆ ಎಷ್ಟು ನೀರು ಬಿಟ್ಟರೂ ಅದು ತಟ್ಟೆಯಲ್ಲಿ ನಿಂತ ನೀರು. ಏರಿಯನ್ನು ಬಲಪಡಿಸುವವರಾರು, ತೂಬನ್ನು ಕಾಯುವವರಾರು, ಗೋಡನ್ನು ಎತ್ತುವವರಾರು, ಮೀನಿನ ಹಣ ಕೆರೆಗೇ ಮರಳುವುದೋ ಇಲ್ಲವೋ, ಈ ಪ್ರಶ್ನೆಗಳಿಗೆ ಯಾವ ಪಂಪೂ ಉತ್ತರ ಹೇಳುವುದಿಲ್ಲ. ಪಾಶುವಾರಿನ ಹಣದಲ್ಲಿ ಒಂದು ಪಾಲನ್ನು ಆಯಾ ಕೆರೆಯ ಹೂಳೆತ್ತುವುದಕ್ಕೇ ಮೀಸಲಿಟ್ಟರೆ ಮೀನು ಮತ್ತೆ ಪೈರಿಗೆ ಉಣಿಸಿದಂತಾಗುತ್ತದೆ.

ಅಕ್ವಾಪೋನಿಕ್ಸ್ ಒಂದು ಒಳ್ಳೆಯ ವಿದ್ಯೆ. ನೀರನ್ನು ಕೊಡದಲ್ಲಿ ಅಳೆದು ಬಳಸುವುದನ್ನು ಅದು ಕಲಿಸುತ್ತದೆ. ಶಾಲೆಯ ಅಂಗಳದಲ್ಲಿ ಒಂದು ಚಿಕ್ಕ ತೊಟ್ಟಿಯಿದ್ದರೆ ಸಾರಜನಕದ ಚಕ್ರವನ್ನು ಮಕ್ಕಳು ಬಾಯಿಪಾಠ ಮಾಡದೆ ಕಣ್ಣಾರೆ ಕಾಣುತ್ತಾರೆ. ಈಗ ಸೇವೆಯಲ್ಲಿರುವ ಶಿಕ್ಷಕ ಮಿತ್ರರು ಇದನ್ನು ಯೋಚಿಸಬೇಕು. ಆದರೆ ತೊಟ್ಟಿ ಒಂದು ಮನೆಯನ್ನು ಸಾಕೀತು. ಒಂದು ಊರನ್ನು ಸಾಕುವುದು ಕೆರೆ. ತೊಟ್ಟಿಯ ನೀರು ಕಟ್ಟಿದವನದು. ಕೆರೆಯ ನೀರು ದನಕ್ಕೂ ಹಕ್ಕಿಗೂ ಬೆಸ್ತನಿಗೂ ರೈತನಿಗೂ ಸೇರಿದ್ದು, ಕೆಳಗಿನ ಬಾವಿಗಳಿಗೂ ಇಂಗುವಂಥದು. ಹೊಲದಲ್ಲಿ ತೊಟ್ಟಿ ಕಟ್ಟುವವನು ಊರ ಕೆರೆಯ ಸಭೆಗೂ ಹೋಗಿ ಕೂರಬೇಕೆಂಬುದೇ ನನ್ನ ಉತ್ತರದ ಸಾರಾಂಶ.

ನಿಮ್ಮ ನಿಮ್ಮ ಊರಿನ ಕೆರೆಯ ಹೆಸರು, ಅದರ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತಿತ್ತು, ಕೊನೆಯ ನೀರುಗಂಟಿ ಯಾರ ಮನೆತನದವರು, ಗೋಡುಮಣ್ಣು ಹೊಡೆದದ್ದು ಯಾವ ವರ್ಷದವರೆಗೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ನನಗೆ ಬರೆದು ತಿಳಿಸಿ. ಎಂಬತ್ತು ದಾಟಿದವರು ಇರುವಾಗಲೇ ಕೇಳಿಟ್ಟುಕೊಳ್ಳಬೇಕಾದ ಸಂಗತಿಗಳಿವು. ಬಂದ ವಿವರಗಳನ್ನು ತಾಲ್ಲೂಕುವಾರು ಜೋಡಿಸಿ ಮುಂದೊಂದು ಲೇಖನದಲ್ಲಿ ಕೊಡುತ್ತೇನೆ.

ಎಲ್ಲರಿಗೂ ಶುಭವಾಗಲಿ.